ಕಾರ್ಖಾನೆಯ ಕೆಲಸಗಾರರೂ ಕಪ್ಪು-ಬಿಳುಪಿನ ಛಾಯಾಚಿತ್ರವೂ

ಹೋದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಛಾಯಾಚಿತ್ರ ಪ್ರದರ್ಶನವನ್ನು ಮಿತ್ರರು ಮರೆತಿರಲಾರರೆಂದು ನಂಬಿದ್ದೇನೆ. ಗೋಡೆಯ ಮೇಲೆ ಹೂವುಗಳಿದ್ದುವು, ಒಂದು ಮಿಂಚುಳ್ಳಿ ಇತ್ತು, ಬೆಟ್ಟದ ಹಿಂದೆ ಒಬ್ಬನೇ ಸೂರ್ಯ ಮೂರು ಚೌಕಟ್ಟುಗಳಲ್ಲಿ ಮುಳುಗುತ್ತಿದ್ದ. ಇವೆಲ್ಲವೂ ಬಣ್ಣದ ಚಿತ್ರಗಳು. ಇವುಗಳ ನಡುವೆ ದುಡಿಯುವ ಜನರ ಚಿತ್ರಗಳೂ ಒಂಬತ್ತು ಇದ್ದುವು: ಇಟ್ಟಿಗೆ ಗೂಡಿನ ಹೆಂಗಸು, ಗ್ಯಾರೇಜಿನ ಹುಡುಗ, ಅಕ್ಕಿ ಗಿರಣಿಯ ಹಮಾಲಿ, ರೇಷ್ಮೆ ಫಿಲೇಚರಿನ ಕೆಲಸಗಾರ್ತಿ, ಇತ್ಯಾದಿ. ಈ ಒಂಬತ್ತೂ ಕಪ್ಪು-ಬಿಳುಪು. ತೆಗೆದವರು ಬೇರೆ ಬೇರೆ ತರಗತಿಗಳವರು. ಒಬ್ಬರೊಡನೊಬ್ಬರು ಮಾತಾಡಿಕೊಂಡು ಮಾಡಿದ್ದಲ್ಲ. ಹಾಗಿದ್ದರೆ ಹಕ್ಕಿಗೆ ಬಣ್ಣವುಂಟು, ಹಮಾಲಿಗೆ ಇಲ್ಲ ಎಂಬ ನಿಯಮವನ್ನು ನಮಗೆ ಕಲಿಸಿದವರು ಯಾರು? ಈ ಪ್ರಶ್ನೆ ಪ್ರದರ್ಶನದ ದಿನ ನನಗೆ ಹೊಳೆಯಲಿಲ್ಲ. ಹೊಳೆದದ್ದು ಆಮೇಲೆ, ಅದೂ ನನ್ನ ಬುದ್ಧಿಯಿಂದಲ್ಲ.

ಒಂಬತ್ತರಲ್ಲಿ ಒಂದು ನನ್ನದೇ. ಅದಕ್ಕೆ ಎರಡನೆಯ ಬಹುಮಾನವೂ ಬಂದಿತು. ಆದುದರಿಂದ ಈ ಲೇಖನದಲ್ಲಿ ದೂರುವವನೂ ನಾನೇ, ದೂರಿಸಿಕೊಳ್ಳುವವನೂ ನಾನೇ ಎಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಚಿಕ್ಕಮ್ಮ ರಾಮನಗರದ ಒಂದು ಫಿಲೇಚರಿನಲ್ಲಿ ಹದಿನಾರು ವರ್ಷಗಳಿಂದ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುತ್ತಾಳೆ. ಆ ಕೆಲಸವನ್ನು ಕಾಣದವರಿಗಾಗಿ ನಾಲ್ಕು ಮಾತು ಹೇಳಬೇಕು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದರೆ ಎಳೆಗಳನ್ನು ಹಿಡಿದಿರುವ ಅಂಟು ಸಡಿಲವಾಗುತ್ತದೆ. ಬೆಂದ ಗೂಡುಗಳು ಬೇಸಿನ್ನಿನ ನೀರಿನಲ್ಲಿ ತೇಲುತ್ತಿರುತ್ತವೆ. ಒಂದೊಂದರ ಎಳೆಯ ತುದಿಯನ್ನೂ ಬೆರಳಿನಿಂದ ಹುಡುಕಿ ಹಿಡಿದು, ಹಲವು ಗೂಡುಗಳ ಎಳೆಗಳನ್ನು ಒಂದಾಗಿ ಸೇರಿಸಿ ಮೇಲೆ ತಿರುಗುತ್ತಿರುವ ರಾಟೆಗೆ ಕೊಡಬೇಕು. ಒಂದು ಗೂಡು ಮುಗಿಯಿತೆಂದರೆ ಆ ಕ್ಷಣವೇ ಇನ್ನೊಂದರ ಎಳೆಯನ್ನು ಸೇರಿಸಬೇಕು. ತಡವಾದರೆ ನೂಲು ಸಣ್ಣವಾಗುತ್ತದೆ, ಸಣ್ಣವಾದರೆ ಬೈಗುಳ. ರಾಟೆಯನ್ನು ಯಂತ್ರ ತಿರುಗಿಸಬಲ್ಲದು, ನೀರನ್ನು ಬಾಯ್ಲರು ಕಾಯಿಸಬಲ್ಲದು. ಆದರೆ ಕೂದಲಿಗಿಂತ ಎಷ್ಟೋ ಪಾಲು ಸಣ್ಣದಾದ ಆ ಎಳೆಯನ್ನು ನೀರಿನೊಳಗೆ ಹುಡುಕುವುದು ಅಲ್ಲಿ ಬೆರಳೇ. ಆದ್ದರಿಂದ ಬೆರಳು ದಿನವೆಲ್ಲ ನೀರಿನಲ್ಲಿ. ಚರ್ಮ ಬೆಳ್ಳಗೆ ನೆನೆದು ಸುಲಿಯುತ್ತದೆ, ಬೆರಳ ಸಂದಿ ಕೆಂಪಗೆ ಹುಣ್ಣಾಗುತ್ತದೆ. ಬೆಂದ ಹುಳುವಿನ ವಾಸನೆಯಂತೂ ಕೆಲಸಗಾರರ ಜೊತೆಗೇ ಮನೆಗೆ ಬರುತ್ತದೆ. ನಾನು ಚಿಕ್ಕವನಾಗಿದ್ದಾಗ ನನ್ನ ತಾಯಿಯೂ ಅದೇ ಕೆಲಸಕ್ಕೆ ಹೋಗುತ್ತಿದ್ದಳು. ತಾಯಂದಿರ ವಾಸನೆಯೆಂದರೆ ಅದೇ ಎಂದು ಬಹುಕಾಲ ತಿಳಿದಿದ್ದೆ.

ಫೋಟೋ ತೆಗೆಯಲು ಬರುತ್ತೇನೆಂದು ಚಿಕ್ಕಮ್ಮನಿಗೆ ಮುಂಚೆಯೇ ಹೇಳಿದ್ದೆ. ಮಾಲೀಕರು ಅರ್ಧ ಗಂಟೆಗೆ ಅನುಮತಿ ಕೊಟ್ಟಿದ್ದರು. ಹೋಗಿ ನೋಡಿದರೆ ಆಕೆ ಮದುವೆಗಳಿಗೆ ಮಾತ್ರ ಉಡುವ ಹಸಿರು ಸೀರೆಯನ್ನು ಉಟ್ಟು ಬಂದಿದ್ದಳು. ಅಂಗೈಯಗಲದ ಕೆಂಪು ಅಂಚು, ಮುಡಿಯಲ್ಲಿ ಕನಕಾಂಬರ. ನೀರು ಸಿಡಿಯದಂತೆ ಸೊಂಟಕ್ಕೆ ಕಟ್ಟಿಕೊಳ್ಳುವ ಪ್ಲಾಸ್ಟಿಕ್ ಹಾಳೆಯನ್ನು, ಅಂಚು ಮುಚ್ಚಿಹೋಗುತ್ತದೆಂದು, ಬಿಚ್ಚಿ ಕಿಟಕಿಯ ಮೇಲಿಟ್ಟಿದ್ದಳು. ಉಳಿದ ಹೆಂಗಸರು ನಗುತ್ತಿದ್ದರು. ನನಗೆ ಒಳಗೊಳಗೇ ಸ್ವಲ್ಪ ಬೇಸರವಾಯಿತೆಂದು ಇಂದು ಒಪ್ಪಿಕೊಳ್ಳುತ್ತೇನೆ. ನನಗೆ ಬೇಕಾಗಿದ್ದುದು ‘ಕೆಲಸಗಾರ್ತಿ’. ಎದುರಿಗೆ ನಿಂತಿದ್ದುದು ಮದುವೆ ಮನೆಯ ಚಿಕ್ಕಮ್ಮ. ಆ ಬೇಸರಕ್ಕೆ ನಾನು ಕಂಡುಕೊಂಡ ಪರಿಹಾರವೇ ಕಪ್ಪು-ಬಿಳುಪು.

ಮನೆಗೆ ಬಂದು ಮೊಬೈಲಿನಲ್ಲಿಯೇ ಚಿತ್ರವನ್ನು ತಿದ್ದಿದೆ. ಬಣ್ಣದ ಗೆರೆಯನ್ನು ಸೊನ್ನೆಗೆ ಎಳೆದೆ. ನೆರಳು ಬೆಳಕುಗಳ ಅಂತರವನ್ನು ಏರಿಸಿದೆ. ಅಂಚುಗಳನ್ನು ಕತ್ತಲು ಮಾಡಿದೆ. ಕ್ಲಾರಿಟಿ ಎಂಬುದೊಂದು ಉಂಟು. ಅದನ್ನು ಏರಿಸಿದಂತೆಲ್ಲ ಮುಖದ ಗೆರೆಗಳು ಉಳುಮೆಯ ಸಾಲಿನಂತೆ ಎದ್ದುಬರುತ್ತವೆ, ಹಣೆಯ ಬೆವರು ಮುತ್ತಿನಂತೆ ಹೊಳೆಯುತ್ತದೆ. ಎರಡು ನಿಮಿಷದ ಕೆಲಸ. ಮೂವತ್ತೆಂಟು ವರ್ಷದ ಹೆಂಗಸು ಐವತ್ತೈದರವಳಾದಳು. ಪ್ರದರ್ಶನಕ್ಕೆ ಬಂದವರು ಅದರ ಮುಂದೆ ನಿಂತು ‘ಶ್ರಮದ ಘನತೆ’ ಎಂದರು. ನಾನು ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದೆ.

ಬಹುಮಾನ ಬಂದ ಪ್ರತಿಯನ್ನು ಚೌಕಟ್ಟು ಸಮೇತ ಚಿಕ್ಕಮ್ಮನ ಮನೆಗೆ ಒಯ್ದೆ. ಆಕೆ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಬಳಿಕ ಕೇಳಿದಳು: “ಅಲ್ಲ ಕಣ್ಲಾ ಮಗ, ನನ್ ಸೀರೆ ಅಂಚೆಲ್ಲೋಯ್ತು?”

ನಾನು ಕಲೆಯ ವಿಷಯ ಹೇಳಲು ಹೊರಟೆ. ಆಕೆ ಗೋಡೆಯ ಕಡೆ ಕೈ ತೋರಿಸಿದಳು. ಆ ಮನೆಯಲ್ಲಿ ಕಪ್ಪು-ಬಿಳುಪಿನ ಚಿತ್ರವೆಂದರೆ ಒಂದೇ, ನಮ್ಮ ತಾತನದು. ಅದಕ್ಕೆ ಪ್ಲಾಸ್ಟಿಕ್ ಹಾರ ಹಾಕಿದೆ. “ಇದ್ನೂ ಅದರ್ ಪಕ್ಕುಕ್ ನೇತಾಕ್ಬುಟ್ಟು ಒಂದು ಆರ ಆಕ್ಬುಡು” ಎಂದಳು. ಕೋಪದಿಂದಲ್ಲ, ನಗುತ್ತಲೇ. ಆದರೆ ಚೌಕಟ್ಟು ಇಂದಿಗೂ ಬೀರುವಿನ ಹಿಂದೆಯೇ ಇದೆ.

ಅಂಚು ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ಲೆಕ್ಕದಲ್ಲಿಯೇ ಉತ್ತರವುಂಟು. ಕಲಾ ವಿಭಾಗದವನಾದರೂ ಕೂಡಿ ಗುಣಿಸಿ ನೋಡಿದೆ. ಮೊಬೈಲಿನ ಚಿತ್ರದಲ್ಲಿ ಪ್ರತಿಯೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಗಳಿರುತ್ತವೆ. ಒಂದೊಂದೂ ಸೊನ್ನೆಯಿಂದ 255ರವರೆಗೆ. ಕಪ್ಪು-ಬಿಳುಪಿಗೆ ತಿರುಗಿಸುವುದೆಂದರೆ ಈ ಮೂರನ್ನು ಸೇರಿಸಿ ಒಂದು ಮಾಡುವುದು. ರೂಢಿಯಲ್ಲಿರುವ ಒಂದು ಸೂತ್ರದಂತೆ ಕೆಂಪಿನಿಂದ ನೂರಕ್ಕೆ ಸುಮಾರು 30 ಪಾಲು, ಹಸಿರಿನಿಂದ 59, ನೀಲಿಯಿಂದ 11. ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿಯೂ ನೀಲಿ ಕಡಿಮೆ ಬೆಳಕಾಗಿಯೂ ಕಾಣುವುದರಿಂದ ಈ ಹಂಚಿಕೆ. ಈಗ ನೋಡಿ: ಅಪ್ಪಟ ಕೆಂಪು, ಅಂದರೆ 255 ಅಂಕದ್ದು, ಈ ಸೂತ್ರದಲ್ಲಿ 76 ಆಗುತ್ತದೆ. 130 ಅಂಕದ ಗಾಢ ಹಸಿರೂ 76ಕ್ಕೇ ಬಂದು ನಿಲ್ಲುತ್ತದೆ. ಎರಡೂ ಒಂದೇ ಬೂದಿ. ಹಸಿರು ಸೀರೆಯೊಳಗೆ ಕೆಂಪು ಅಂಚು ಮುಳುಗಿದ್ದು ಹೀಗೆ. ಸೂತ್ರದ ಪಾಲುಗಳನ್ನು ಬದಲಿಸಿ ಅಂಚನ್ನು ಮರಳಿ ತರಬಹುದಿತ್ತು. ಆಗ ಚರ್ಮದ ಬಣ್ಣವೂ ಬದಲಾಗುತ್ತಿತ್ತು. ಕೆಂಪಿನ ಪಾಲನ್ನು ಹೆಚ್ಚಿಸಿದರೆ ನಮ್ಮಂಥವರ ಮೈ ಬೆಳ್ಳಗಾಗುತ್ತದೆ, ನೀಲಿಯ ಪಾಲನ್ನು ಹೆಚ್ಚಿಸಿದರೆ ಕರ್ರಗಾಗುತ್ತದೆ. ಒಬ್ಬ ಹೆಂಗಸಿನ ಮೈಬಣ್ಣ ಯಾವುದು ಎಂಬುದು ಬೆರಳಿನ ಒಂದು ಎಳೆತದಲ್ಲಿ ನಿಶ್ಚಯವಾಗುತ್ತದೆ. ‘ಬಣ್ಣವನ್ನು ತೆಗೆದೆ, ಅಷ್ಟೆ’ ಎಂದು ಹೇಳುವವರು ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಯಾವ ಬೂದಿ ಎಂದು ಆರಿಸಿದವರು ಅವರೇ.

ಅಂಚಿನ ಮಾತು ಹಾಗಿರಲಿ. ಬಣ್ಣದ ಮೂಲಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದಾಗ ಇನ್ನೂ ಎರಡು ನಷ್ಟಗಳು ಕಂಡುವು. ಒಂದು, ಬೇಸಿನ್ನಿನ ಗೂಡು. ಚಿಕ್ಕಮ್ಮ ಆ ದಿನ ಬಿಚ್ಚುತ್ತಿದ್ದುದು ಹಳದಿ ಬಣ್ಣದ ಮಿಶ್ರತಳಿ ಗೂಡು. ದ್ವಿತಳಿಯ ಗೂಡು ಬಿಳಿ. ನಮ್ಮ ಕಡೆಯ ಯಾವ ಮಗುವನ್ನು ಕೇಳಿದರೂ ಇದನ್ನು ಹೇಳುತ್ತದೆ. ಮಾರುಕಟ್ಟೆಯಲ್ಲಿ ಬೆಲೆ ಕೂಗುವುದಕ್ಕೆ ಮೊದಲು ನೋಡುವುದು ಇದನ್ನೇ. ನನ್ನ ಚಿತ್ರದಲ್ಲಿ ಹಳದಿ ಬಿಳಿಯಾಗಿಬಿಟ್ಟಿತ್ತು. ಕಸಬು ಬಲ್ಲ ಒಬ್ಬ ರೀಲರು ಆ ಚಿತ್ರವನ್ನು ನೋಡಿದರೆ ಕೆಲಸವನ್ನೇ ತಪ್ಪಾಗಿ ಓದುತ್ತಿದ್ದ. ಎರಡನೆಯದು, ಬೆರಳು. ಮೂಲಚಿತ್ರದಲ್ಲಿ ಎಡಗೈಯ ಎರಡು ಬೆರಳುಗಳ ಸಂದಿಯಲ್ಲಿ ಕೆಂಪು ಕಾಣುತ್ತದೆ. ಬಹುಮಾನದ ಚಿತ್ರದಲ್ಲಿ ಅದೇ ಜಾಗ ಒಂದು ಮೋಹಕವಾದ ನೆರಳು. ಹುಣ್ಣು ಇದ್ದಲ್ಲಿ ನೆರಳು! ‘ಕೈಗಳು ಶಿಲ್ಪದಂತಿವೆ’ ಎಂದು ಮೆಚ್ಚಿದವರದು ತಪ್ಪಲ್ಲ, ಶಿಲ್ಪಕ್ಕೆ ಹುಣ್ಣಾಗುವುದಿಲ್ಲವಷ್ಟೆ.

ಇನ್ನೊಂದು ಪಕ್ಷದವರ ಮಾತನ್ನೂ ಕೇಳೋಣ. ಮೊದಲನೆಯದಾಗಿ, ಮಹಾ ಛಾಯಾಗ್ರಾಹಕರೆಲ್ಲ ಕಾರ್ಮಿಕರನ್ನು ಕಪ್ಪು-ಬಿಳುಪಿನಲ್ಲಿಯೇ ತೋರಿಸಿದರಲ್ಲ ಎಂಬ ವಾದ. ಇದು ಬಲವಾದುದು. ಅಮೆರಿಕದ ಲೂಯಿಸ್ ಹೈನ್ ಎಂಬಾತನ ಚಿತ್ರಗಳನ್ನು ನೋಡಿ ನಾನೂ ಮರುಳಾದವನೇ. ಆತ ನ್ಯೂಯಾರ್ಕಿನಲ್ಲಿ ಉಪಾಧ್ಯಾಯನಾಗಿದ್ದವನು. 1908ರಲ್ಲಿ ಆ ಕೆಲಸ ಬಿಟ್ಟು, ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಹೋರಾಡುತ್ತಿದ್ದ ರಾಷ್ಟ್ರೀಯ ಸಮಿತಿಯೊಂದಕ್ಕೆ ಚಿತ್ರ ತೆಗೆಯಲು ಸೇರಿದ. ಹತ್ತಿ ಗಿರಣಿಗಳು, ಗಾಜಿನ ಕಾರ್ಖಾನೆಗಳು, ಕಲ್ಲಿದ್ದಲ ಗಣಿಗಳನ್ನು ಸುತ್ತಿದ. ಗೇಟಿನಲ್ಲಿ ಬಿಡದಿದ್ದರೆ ಬೈಬಲ್ ಮಾರುವವನೆಂದೋ, ಯಂತ್ರಗಳ ಚಿತ್ರ ತೆಗೆಯಲು ಬಂದವನೆಂದೋ ಸುಳ್ಳು ಹೇಳಿ ಒಳಹೊಕ್ಕ. ಆದರೆ ಅವನು ಕಪ್ಪು-ಬಿಳುಪನ್ನು ಆರಿಸಿಕೊಂಡವನಲ್ಲ. ಅವನ ಕೈಗೆ ಸಿಕ್ಕಿದ್ದು ಅದೊಂದೇ. ಬಣ್ಣದ ಫಲಕಗಳನ್ನು ಫ್ರಾನ್ಸಿನ ಲ್ಯೂಮಿಯೇರ್ ಸೋದರರು 1907ರಲ್ಲಿ ಮಾರುಕಟ್ಟೆಗೆ ತಂದಿದ್ದರೂ ಆಲೂಗಡ್ಡೆಯ ಹಿಟ್ಟಿನ ಕಣಗಳಿಗೆ ಬಣ್ಣ ಹಾಕಿ ಮಾಡಿದ ಆ ಫಲಕಗಳಿಗೆ ಬಹಳ ಬೆಳಕು, ಬಹಳ ಹೊತ್ತು ಬೇಕಾಗಿತ್ತು. ಗಿರಣಿಯ ಕತ್ತಲೆಯಲ್ಲಿ ಕಣ್ತಪ್ಪಿಸಿ ಕೆಲಸ ಮಾಡುವವನಿಗೆ ಅವು ನಿಷ್ಪ್ರಯೋಜಕ. ಉಳಿದ ಫಲಕಗಳಲ್ಲಿ ಹೆಚ್ಚಿನವಕ್ಕೆ ಕೆಂಪು ಸರಿಯಾಗಿ ಕಾಣುತ್ತಲೇ ಇರಲಿಲ್ಲ.

ಬಣ್ಣದ ಈ ಕೊರತೆಯನ್ನು ಹೈನ್ ತುಂಬಿದ್ದು ಬರವಣಿಗೆಯಿಂದ. ಮಕ್ಕಳ ಎತ್ತರವನ್ನು ತನ್ನ ಕೋಟಿನ ಗುಂಡಿಗಳಿಗೆ ಹೋಲಿಸಿ ಅಳೆಯುತ್ತಿದ್ದ. ಹೆಸರು, ವಯಸ್ಸು, ಕೆಲಸದ ವೇಳೆಗಳನ್ನು ಯಾರಿಗೂ ತಿಳಿಯದಂತೆ ಜೇಬಿನೊಳಗೇ ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. 1908ರ ನವೆಂಬರಿನಲ್ಲಿ ದಕ್ಷಿಣ ಕ್ಯಾರೊಲಿನದ ಒಂದು ಹತ್ತಿ ಗಿರಣಿಯಲ್ಲಿ ತೆಗೆದ ಹುಡುಗಿಯೊಬ್ಬಳ ಚಿತ್ರದ ಕೆಳಗೆ ಅವಳ ಎತ್ತರ 48 ಅಂಗುಲವೆಂದು ಬರೆದಿದ್ದಾನೆ. 48 ಅಂಗುಲ! ಉದ್ದಕ್ಕೆ ಸಾಲಾಗಿ ನಿಂತ ಕದಿರುಗಳ ಮುಂದೆ ಆ ಮಗು ನಿಂತಿರುವುದನ್ನು ಈ ಒಂದು ಅಂಕಿಯೊಡನೆ ನೋಡಬೇಕು. ಬಾಲಕಾರ್ಮಿಕರ ಬಗ್ಗೆ 1916ರಲ್ಲಿ ಅಲ್ಲಿ ಕಾನೂನು ಬಂದಿತು. 1918ರಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಭದ್ರವಾದ ಕಾನೂನು ನಿಂತದ್ದು 1938ರಲ್ಲಿ. ಆ ಮೂವತ್ತು ವರ್ಷಗಳ ಜಗಳದಲ್ಲಿ ಹೈನನ ಚಿತ್ರ ಸಾಕ್ಷಿ ಹೇಳಿದ್ದು ನೆರಳು ಬೆಳಕಿನ ಬಲದಿಂದ ಮಾತ್ರವಲ್ಲ, ಆ ಚೀಟಿಯ ಬಲದಿಂದ. ನಾವು ಅವನಿಂದ ಬೂದಿಯನ್ನು ತೆಗೆದುಕೊಂಡೆವು, ಚೀಟಿಯನ್ನು ಬಿಟ್ಟೆವು. ನಮ್ಮ ಪ್ರದರ್ಶನದ ಒಂಬತ್ತು ಚಿತ್ರಗಳ ಕೆಳಗೆ ಇದ್ದ ಶೀರ್ಷಿಕೆಗಳು ನೆನಪಿವೆಯೆ? ‘ಕಾಯಕ’, ‘ಬದುಕು’, ‘ಬೆವರ ಹನಿ’, ‘ಕಾಯಕವೇ ಕೈಲಾಸ’ (ಇದು ಎರಡಕ್ಕೆ). ನನ್ನದು ‘ಎಳೆ’. ಒಂದರಲ್ಲಿಯೂ ಊರಿನ ಹೆಸರು ಸಹ ಇರಲಿಲ್ಲ. ಮಿಂಚುಳ್ಳಿಯ ಕೆಳಗಾದರೋ ಅದರ ಲ್ಯಾಟಿನ್ ಹೆಸರನ್ನೂ ಬರೆದಿದ್ದರು.

ಬ್ರೆಜಿಲಿನ ಸೆಬಾಸ್ಟಿಯಾವ್ ಸಲ್ಗಾಡೊ ವಿಷಯದಲ್ಲಿ ಈ ಚರ್ಚೆ ದೊಡ್ಡವರ ಮಟ್ಟದಲ್ಲಿಯೇ ನಡೆದಿದೆ. ಅರ್ಥಶಾಸ್ತ್ರ ಓದಿ ಛಾಯಾಗ್ರಾಹಕನಾದ ಈತ, ಬಣ್ಣದ ಫಿಲ್ಮು ಅಂಗಡಿ ಅಂಗಡಿಯಲ್ಲಿ ಸಿಗುತ್ತಿದ್ದ ಕಾಲದಲ್ಲಿ, ಬುದ್ಧಿಪೂರ್ವಕವಾಗಿ ಕಪ್ಪು-ಬಿಳುಪನ್ನು ಹಿಡಿದವನು. 1986ರಲ್ಲಿ ಸೆರ್ರಾ ಪೆಲಾಡದ ಚಿನ್ನದ ಗುಂಡಿಯಲ್ಲಿ ತೆಗೆದ ಚಿತ್ರಗಳಲ್ಲಿ ಸಾವಿರಾರು ಜನ ಕೆಸರು ಮೆತ್ತಿದ ಮೈಯಲ್ಲಿ ಮೂಟೆ ಹೊತ್ತು ಏಣಿ ಹತ್ತುತ್ತಾರೆ. ಇರುವೆಗಳೋ, ಪುರಾಣದ ಜನರೋ ತಿಳಿಯದು. ಕಾರ್ಮಿಕರನ್ನು ಕುರಿತ ಅವನ ದೊಡ್ಡ ಗ್ರಂಥ 1993ರಲ್ಲಿ ಪ್ರಕಟವಾಯಿತು. ಕಷ್ಟವನ್ನು ಇಷ್ಟು ಸುಂದರವಾಗಿ ತೋರಿಸಬಹುದೆ ಎಂದು 1991ರಲ್ಲಿಯೇ ಇಂಗ್ರಿಡ್ ಸಿಷಿ ಎಂಬ ವಿಮರ್ಶಕಿ ಆಕ್ಷೇಪಿಸಿದ್ದರು. ಸೂಸನ್ ಸೊಂಟಾಗ್ 2003ರ ತಮ್ಮ ಪುಸ್ತಕದಲ್ಲಿ, ವಲಸೆ ಹೋಗುವ ಜನರನ್ನು ಕುರಿತ ಅವನ ಚಿತ್ರಗಳ ವಿಷಯದಲ್ಲಿ, ದೋಷ ಸೌಂದರ್ಯದಲ್ಲಿಲ್ಲ, ಚಿತ್ರದ ಕೆಳಗೆ ಜನರ ಹೆಸರಿಲ್ಲದಿರುವುದರಲ್ಲಿದೆ ಎಂಬ ಅರ್ಥದ ಮಾತು ಹೇಳಿದರು. ನನಗೆ ಸೊಂಟಾಗ್ ಅವರ ಮಾತೇ ಹೆಚ್ಚು ಸರಿಯೆನಿಸುತ್ತದೆ. ಸುಂದರವಾಗಿ ಕಾಣಬಾರದೆಂದು ಕೂಲಿಯವರಾರೂ ಹೇಳಿಲ್ಲ. ಚಿಕ್ಕಮ್ಮ ಸುಂದರವಾಗಿ ಕಾಣಬೇಕೆಂದೇ ಹಸಿರು ಸೀರೆ ಉಟ್ಟದ್ದು. ಆಕೆಯ ಸೌಂದರ್ಯದ ಎಣಿಕೆಯನ್ನು ಕಿತ್ತು ನನ್ನದನ್ನು ಹೊದಿಸಿದೆನಲ್ಲ, ತಕರಾರು ಅಲ್ಲಿದೆ.

ಒಂದೇ ವಿಷಯವನ್ನು ಇಬ್ಬರು ಸಮರ್ಥರು ಎರಡು ಬಗೆಯಲ್ಲಿ ತೆಗೆದ ಉದಾಹರಣೆ ನಮ್ಮ ದೇಶದಲ್ಲಿಯೇ ಒಂದುಂಟು. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಹೊರಬಿದ್ದು ಸಾವಿರಾರು ಜನ ಸತ್ತರು. ಮಣ್ಣು ಮಾಡುತ್ತಿದ್ದ ಒಂದು ಮಗುವಿನ ಮುಖವನ್ನು ರಘು ರಾಯ್ ಕಪ್ಪು-ಬಿಳುಪಿನಲ್ಲಿಯೂ ಪಾಬ್ಲೊ ಬಾರ್ಥೊಲೊಮಿಯೊ ಬಣ್ಣದಲ್ಲಿಯೂ ತೆಗೆದರು. ಬಣ್ಣದ ಚಿತ್ರ ಆ ವರ್ಷದ ವರ್ಲ್ಡ್ ಪ್ರೆಸ್ ಫೋಟೋ ಪ್ರಶಸ್ತಿಯನ್ನು ಪಡೆಯಿತು. ರಘು ರಾಯ್ ಅವರ ಚಿತ್ರವನ್ನು ನೋಡಿದಾಗ ಎಲ್ಲ ಕಾಲದ ಎಲ್ಲ ಸತ್ತ ಮಕ್ಕಳೂ ನೆನಪಾಗುತ್ತಾರೆ. ಬಣ್ಣದ ಚಿತ್ರದಲ್ಲಿ ಹಾಗಲ್ಲ: ಆ ಮಣ್ಣು ಭೋಪಾಲದ ಮಣ್ಣು, ಆ ಕಣ್ಣು ಅನಿಲದಿಂದ ಮಂಕಾದ ಕಣ್ಣು, ಆ ಮಗು ಒಂದೇ ಮಗು. ಎರಡನೆಯ ಸಲ ನೋಡಲು ನನಗೆ ಧೈರ್ಯವಾಗಲಿಲ್ಲ. ಇದು ನನ್ನ ವಾದಕ್ಕೆ ಪೂರ್ತಿ ಅನುಕೂಲವಾದ ಸಾಕ್ಷಿಯಲ್ಲವೆಂದು ಬಲ್ಲೆ. ನೋಡಲಾಗದ ಚಿತ್ರಕ್ಕಿಂತ ನೋಡಿ ನೆನಪಿಟ್ಟುಕೊಳ್ಳುವ ಚಿತ್ರವೇ ಮೇಲು ಎನ್ನುವವರು ರಘು ರಾಯ್ ಅವರ ಕಡೆ ನಿಲ್ಲಬಹುದು. ನಾನೂ ಎಷ್ಟೋ ದಿನ ಅಲ್ಲಿಯೇ ನಿಂತಿದ್ದೆ. ಆದರೆ ಯಾರು ಹೊಣೆ ಎಂಬ ಪ್ರಶ್ನೆ ನನ್ನಲ್ಲಿ ಎದ್ದದ್ದು ಬಣ್ಣದ ಚಿತ್ರದ ಮುಂದೆ.

ಇದಕ್ಕೆ ಕಾರಣವೇನಿರಬಹುದೆಂದು ಯೋಚಿಸಿದಾಗ ಹೊಳೆದದ್ದು ಇದು. ಇಂದು ನಾವು ಕಪ್ಪು-ಬಿಳುಪನ್ನು ನೋಡುವುದೆಲ್ಲ ಹಳೆಯ ಸಂಗತಿಗಳಲ್ಲಿ: ಗಾಂಧೀಜಿ, ಹಳೆಯ ಸಿನಿಮಾ, ತಾತ. ಆದ್ದರಿಂದ ಈಗಿನ ಕೆಲಸಗಾರನನ್ನು ಆ ಬಣ್ಣಕ್ಕೆ ತಿರುಗಿಸಿದ ಕೂಡಲೆ ಅವನು ಹಿಂದಿನ ಕಾಲಕ್ಕೆ ಸೇರಿಬಿಡುತ್ತಾನೆ. ‘ಇದು ಯಾವ ಕಾಲದ್ದೋ, ಪಾಪ’ ಎಂದು ಮರುಗಬಹುದು. ನಾಳೆ ಬೆಳಗ್ಗೆ ಅವನಿಗೆ ಸಲ್ಲಬೇಕಾದ ಕೂಲಿಯ ಮಾತು ಎತ್ತಬೇಕಾಗಿಲ್ಲ. ಸತ್ತವರಿಗೆ ಬಾಕಿ ಕೊಡುವವರುಂಟೆ! ಚಿಕ್ಕಮ್ಮ ಹಾರದ ಮಾತು ಎತ್ತಿದ್ದರ ಅರ್ಥ ನನಗೆ ಬಹಳ ತಡವಾಗಿ ತಿಳಿಯಿತು.

2016ರ ಏಪ್ರಿಲಿನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದ ಸುದ್ದಿಯ ಚಿತ್ರಗಳನ್ನು ಈಚೆಗೆ ಹುಡುಕಿ ನೋಡಿದೆ. ಭವಿಷ್ಯನಿಧಿಯ ಹಣವನ್ನು ವಾಪಸು ಪಡೆಯುವುದಕ್ಕೆ ಕೇಂದ್ರ ಸರ್ಕಾರ ಹೊಸ ನಿರ್ಬಂಧ ತಂದಿತ್ತು. ಸಾವಿರಾರು ಹೆಂಗಸರು, ದೊಡ್ಡ ಸಂಘಟನೆಯಾಗಲಿ ಹೆಸರಾಂತ ಮುಖಂಡರಾಗಲಿ ಕರೆಯದೆ, ಹೊಸೂರು ರಸ್ತೆಯಲ್ಲಿ ಬಂದು ಕುಳಿತರು. ಎರಡನೆಯ ದಿನ ಸರ್ಕಾರ ಆ ನಿರ್ಬಂಧವನ್ನು ಹಿಂತೆಗೆದುಕೊಂಡಿತು. ಆ ಚಿತ್ರಗಳೆಲ್ಲ ಬಣ್ಣದವು. ಗುಲಾಬಿ, ಹಳದಿ, ನೀಲಿ ಚೂಡಿದಾರಗಳು. ಹೆಗಲಿಗೆ ಊಟದ ಡಬ್ಬಿಯ ಚೀಲ. ಮುಖದಲ್ಲಿ ಸಿಟ್ಟಿದೆ, ಕೆಲವರಲ್ಲಿ ನಗುವೂ ಇದೆ. ‘ಪಾಪ’ ಎನ್ನಲು ಅಲ್ಲಿ ಎಡೆಯೇ ಇಲ್ಲ. ಬಾಂಗ್ಲಾದೇಶದಲ್ಲಿ 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಉಡುಪು ಕೆಲಸಗಾರರು ಸತ್ತಾಗ ತಸ್ಲಿಮಾ ಅಖ್ತರ್ ತೆಗೆದ ಚಿತ್ರವೂ ಬಣ್ಣದ್ದೇ. ಅವಶೇಷದೊಳಗೆ ಒಬ್ಬರನ್ನೊಬ್ಬರು ಹಿಡಿದುಕೊಂಡೇ ಸತ್ತ ಒಬ್ಬ ಗಂಡಸು, ಒಬ್ಬ ಹೆಂಗಸು. ಹೆಂಗಸಿನ ಕೈಯಲ್ಲಿ ಬಳೆ, ಮೈಮೇಲೆ ಬಣ್ಣದ ಬಟ್ಟೆ. ಲೋಕಕ್ಕೆಲ್ಲ ಬಟ್ಟೆ ಹೊಲಿದವರ ಮೈಮೇಲಿನ ಬಟ್ಟೆ ಯಾವ ಬಣ್ಣದ್ದೆಂದು ಲೋಕ ತಿಳಿಯಲೇಬೇಕಾಗಿತ್ತು.

ಬಣ್ಣ ಮನಸ್ಸನ್ನು ಚೆದುರಿಸುತ್ತದೆ, ಮುಖವನ್ನು ನೋಡಲು ಬಿಡುವುದಿಲ್ಲ ಎಂಬುದು ಎರಡನೆಯ ವಾದ. ಇದರಲ್ಲಿ ಸ್ವಲ್ಪ ಸತ್ಯವಿದೆ. ಕಾರ್ಖಾನೆಯ ಒಳಗೆ ಒಂದು ನೀಲಿ ಬಕೆಟ್ಟು, ಒಂದು ಕಿತ್ತಳೆ ಪೈಪು ಇದ್ದರೆ ಕಣ್ಣು ಅಲ್ಲಿಗೇ ಓಡುತ್ತದೆ. ಅದಕ್ಕಿಂತ ನಿಜವಾದ ಕಾರಣವೊಂದುಂಟು, ಯಾರೂ ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ: ಟ್ಯೂಬ್‌ಲೈಟಿನ ಬೆಳಕೂ ಕಿಟಕಿಯ ಬೆಳಕೂ ಬೆರೆತಾಗ ಮುಖ ಅರ್ಧ ಹಸಿರು, ಅರ್ಧ ನೀಲಿಯಾಗಿ ಬರುತ್ತದೆ. ಕತ್ತಲೆಯಲ್ಲಿ ಮೊಬೈಲಿನ ಚಿತ್ರ ರಾಗಿ ಚೆಲ್ಲಿದಂತೆ ಕಾಳುಕಾಳಾಗುತ್ತದೆ. ಕಪ್ಪು-ಬಿಳುಪಿಗೆ ತಿರುಗಿಸಿದರೆ ಈ ಎರಡು ದೋಷಗಳೂ ಮುಚ್ಚಿಹೋಗಿ, ಕಾಳುಗಳೂ ಕಲೆಯೆನಿಸಿಕೊಳ್ಳುತ್ತವೆ. ಅಂದರೆ ನಮ್ಮ ‘ಶ್ರಮದ ಘನತೆ’ಯಲ್ಲಿ ಒಂದು ಪಾಲು ನಮ್ಮ ಫೋಟೋಗಾರಿಕೆಯ ಬಡತನ. ಬಕೆಟ್ಟು ಕಣ್ಣಿಗೆ ಅಡ್ಡ ಬಂದರೆ ಎರಡು ಹೆಜ್ಜೆ ಸರಿದು ನಿಲ್ಲಬಹುದು. ಅಥವಾ ಆ ಬಕೆಟ್ಟು ಅಲ್ಲೇಕಿದೆ ಎಂದು ಕೇಳಬಹುದು. ಚಿಕ್ಕಮ್ಮನ ಬೇಸಿನ್ನಿನ ಪಕ್ಕದ ನೀಲಿ ಬಕೆಟ್ಟಿನಲ್ಲಿ ತಣ್ಣೀರಿತ್ತು. ಬೆರಳು ತಡೆಯಲಾರದಾದಾಗ ಅದ್ದಿಕೊಳ್ಳಲು.

ಹಾಗಾದರೆ ಕಪ್ಪು-ಬಿಳುಪೇ ಕೂಡದೆ ಎಂದು ಕೇಳಿದರೆ, ಅಷ್ಟು ದೂರ ಹೋಗಲು ನಾನು ಸಿದ್ಧನಿಲ್ಲ. ಸುನಿಲ್ ಜಾನಾ ತೆಗೆದ ಕಲ್ಲಿದ್ದಲ ಗಣಿಯ ಕೆಲಸಗಾರರ ಚಿತ್ರಗಳನ್ನು ನೋಡಿದವರು ಅಂಥ ಮಾತಾಡಲಾರರು. ಪತ್ರಿಕಾ ಛಾಯಾಚಿತ್ರಗಳ ಸ್ಪರ್ಧೆಗಳೂ ಬಣ್ಣ ತೆಗೆಯುವುದನ್ನು ಒಪ್ಪುತ್ತವೆ. ಇದ್ದ ವಸ್ತುವನ್ನು ಅಳಿಸುವುದನ್ನು, ಇಲ್ಲದ್ದನ್ನು ಸೇರಿಸುವುದನ್ನು ಮಾತ್ರ ಒಪ್ಪುವುದಿಲ್ಲ. ಈ ನಿಯಮದ ಪ್ರಕಾರ ನಾನು ನಿರ್ದೋಷಿ. ಕೆಂಪು ಅಂಚನ್ನು ಅಳಿಸಿದವನು ನಾನಲ್ಲ, ಸೂತ್ರ! ಇಂಥ ನಿರ್ದೋಷಿತ್ವದಿಂದ ಚಿಕ್ಕಮ್ಮನಿಗೆ ಏನೂ ಸಮಾಧಾನವಾಗಲಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಬಣ್ಣ ತೆಗೆಯುವವನು ತೆಗೆದದ್ದೇನೆಂದು ಲೆಕ್ಕ ಕೊಡಬೇಕು, ಆ ಲೆಕ್ಕವನ್ನು ಮೊದಲು ಕೊಡಬೇಕಾದದ್ದು ತೀರ್ಪುಗಾರರಿಗಲ್ಲ, ಚಿತ್ರದಲ್ಲಿರುವವರಿಗೆ.

ಚಿತ್ರ ಯಾರದು ಎಂಬ ಪ್ರಶ್ನೆಯೂ ಇದರಲ್ಲಿ ಅಡಗಿದೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ಪಾದರಸದಿಂದ ಅಂಗವಿಕಲಳಾದ ಮಗಳನ್ನು ತಾಯಿ ಸ್ನಾನ ಮಾಡಿಸುವ ಚಿತ್ರವನ್ನು ಯೂಜೀನ್ ಸ್ಮಿತ್ 1971ರಲ್ಲಿ ತೆಗೆದರು. ಅದು ಲೋಕವಿಖ್ಯಾತವಾಯಿತು, ಕಾರ್ಖಾನೆಯ ತಪ್ಪನ್ನು ಲೋಕಕ್ಕೆ ಸಾರಿತು. ಮಗಳು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಇನ್ನು ಅವಳಿಗೆ ವಿಶ್ರಾಂತಿ ಬೇಕೆಂದು ತಂದೆತಾಯಿಗಳು ಬಯಸಿದರು. ಸ್ಮಿತ್ ಆಗ ಬದುಕಿರಲಿಲ್ಲ. ಹಕ್ಕುಳ್ಳ ಐಲೀನ್ ಸ್ಮಿತ್ 1998ರಲ್ಲಿ ಆ ಚಿತ್ರದ ವಿಷಯದ ತೀರ್ಮಾನವನ್ನು ಅವರಿಗೇ ಬಿಟ್ಟುಕೊಟ್ಟರು. ಅಂಥ ಚಿತ್ರವನ್ನೇ ಹಿಂದಕ್ಕೆ ಕೊಡಬಹುದಾದರೆ ನನ್ನ ಎರಡನೆಯ ಬಹುಮಾನದ ಮಾತೇನು?

ಈ ಸಂಚಿಕೆಗೆ ಬಹುಮಾನಿತ ಚಿತ್ರಗಳನ್ನು ಕೊಡಬೇಕೆಂದು ಸಂಪಾದಕ ಸಮಿತಿಯ ಅಧ್ಯಾಪಕರು ಕೇಳಿದರು. ನಾನು ಬಣ್ಣದ ಮೂಲವನ್ನೇ ಕೊಟ್ಟೆ. ಅವರು ನಕ್ಕು, ಬಣ್ಣದ ಹಾಳೆಗಳು ನಾಲ್ಕೇ, ಅವು ಸಂದೇಶಗಳಿಗೂ ಗುಂಪು ಚಿತ್ರಗಳಿಗೂ ಆಗಿಹೋಗಿವೆ, ಒಳಪುಟಗಳೆಲ್ಲ ಎಂದಿನಂತೆ ಕಪ್ಪು-ಬಿಳುಪು ಎಂದರು. ಇಷ್ಟುದ್ದ ಬರೆದವನ ಗತಿ ಇದು. ಚಿತ್ರವನ್ನು ವಾಪಸು ತೆಗೆದುಕೊಳ್ಳೋಣವೆಂದುಕೊಂಡು, ಅದನ್ನು ತೀರ್ಮಾನಿಸುವವನು ನಾನಲ್ಲವಲ್ಲ ಎಂದು ನೆನಪಾಗಿ, ಭಾನುವಾರ ಚಿಕ್ಕಮ್ಮನ ಮನೆಗೆ ಹೋದೆ. ಬಣ್ಣದ ಪ್ರತಿಯೊಂದನ್ನು ಅಂಚಿನ ಸಮೇತ ಮಾಡಿಸಿ ಒಯ್ದಿದ್ದೆ. ಅದನ್ನು ಆಕೆ ಆಗಲೇ ಟಿ.ವಿ.ಯ ಪಕ್ಕದಲ್ಲಿ ನಿಲ್ಲಿಸಿದಳು. ಕಾಲೇಜಿನ ಪುಸ್ತಕದಲ್ಲಿ ಕಪ್ಪು-ಬಿಳುಪೇ ಬರುತ್ತದೆ, ಹಾಕಲೋ ಬೇಡವೋ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ಆಕು. ಎಸ್ರು ಬ್ಯಾಡ, ಮಾಲೀಕ್ರು ಏನಂದ್ಕಂಡಾರು. ಕೆಳಗೆ ನಾನೇಳ್ದಂಗೆ ಬರಿ” ಎಂದಳು. ಆಕೆ ಹೇಳಿದುದನ್ನು, ಮಾತನ್ನಷ್ಟೇ ಗ್ರಾಂಥಿಕಕ್ಕೆ ತಿರುಗಿಸಿ, ಚಿತ್ರದ ಕೆಳಗೆ ಅಚ್ಚುಹಾಕಲು ಕೊಟ್ಟಿದ್ದೇನೆ:

‘ಸೀರೆ ಹಸಿರು, ಅಂಚು ಕೆಂಪು. ಮುಡಿಯಲ್ಲಿ ಕನಕಾಂಬರ. ಬೇಸಿನ್ನಿನಲ್ಲಿರುವುದು ಮಿಶ್ರತಳಿ ಗೂಡು, ಬಣ್ಣ ಹಳದಿ. ಎಡಗೈಯ ಎರಡು ಬೆರಳು ಕೆಂಪಾಗಿರುವುದು ಬಿಸಿನೀರಿನಿಂದ. ಪಕ್ಕದ ಬಕೆಟ್ಟಿನಲ್ಲಿ ತಣ್ಣೀರಿದೆ. ವಯಸ್ಸು ಮೂವತ್ತೆಂಟು, ಮುದುಕಿಯಲ್ಲ.’